ನಾಲ್ಕು ಜನರ ನಡುವೆ ನೋಡಿ ಕಲಿಯುವುದು

"ಓದಿದ್ದಾನೆ, ಬರೆದಿದ್ದಾನೆ, ನಾಲ್ಕು ಜನರ ಮಧ್ಯೆ ಹೇಗಿರಬೇಕೆಂಬುದು ಮಾತ್ರ ತಿಳಿಯದು." ಈ ಮಾತನ್ನು ನೀವು ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಕೇಳಿಯೇ ಇರುತ್ತೀರಿ. ಹೇಳುವವರು ತಂದೆಯಾಗಿರಬಹುದು, ಸೋದರಮಾವನಾಗಿರಬಹುದು. ಹೇಳಿಸಿಕೊಳ್ಳುವ ಹುಡುಗ ತಲೆ ತಗ್ಗಿಸಿ ನಿಂತಿರುತ್ತಾನೆ. ಹೇಗಿರಬೇಕೆಂಬುದನ್ನು ಅವನಿಗೆ ಯಾರು, ಯಾವಾಗ ಕಲಿಸಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ನಾವು ಸಂಧಿ, ಸಮಾಸ, ಛಂದಸ್ಸುಗಳನ್ನು ಕಲಿಸುತ್ತೇವೆ. ಮದುವೆಯ ಮನೆಯಲ್ಲಿ ಪರಿಚಯವಿಲ್ಲದವರ ಪಕ್ಕದಲ್ಲಿ ಕುಳಿತು ಮಾತನ್ನು ಹೇಗೆ ಆರಂಭಿಸಬೇಕು, ಸಾವಾದ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕು, ಹಿರಿಯರು ಮಾತಾಡುತ್ತಿರುವಾಗ ನಡುವೆ ಯಾವಾಗ ಬಾಯಿ ಹಾಕಬಹುದು ಎಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅದು ತಾನಾಗಿ ಬರುತ್ತದೆಂದು ಹಿರಿಯರ ನಂಬಿಕೆ. ಕೆಲವರಿಗೆ ಬರುತ್ತದೆ. ಬಾರದವರ ಕಷ್ಟ ಸಣ್ಣದಲ್ಲ.

ನನ್ನ ಬಳಿ ಓದಿದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಷಟ್ಪದಿಯ ಮಾತ್ರೆಗಳನ್ನು ಬೆರಳೆಣಿಸದೆ ಹೇಳಬಲ್ಲವನು, ಲೆಕ್ಕದಲ್ಲಿಯೂ ಮುಂದು. ಒಳ್ಳೆಯ ಅಂಕಗಳನ್ನು ಪಡೆದು ದೂರದ ಊರಿನ ಕಾಲೇಜಿಗೆ ಸೇರಿದ, ಹಾಸ್ಟೆಲಿನಲ್ಲಿ ಉಳಿದುಕೊಂಡ. ಎರಡೇ ತಿಂಗಳಿಗೆ ಪೆಟ್ಟಿಗೆ ಹಿಡಿದುಕೊಂಡು ಹಿಂದಿರುಗಿದ. ಪಾಠ ಕಷ್ಟವಾಯಿತೆಂದು ತಂದೆ ತಿಳಿದರು. ಅಲ್ಲಿಯ ನೀರು ಹಿಡಿಸಲಿಲ್ಲವೆಂದು ತಾಯಿ ತಿಳಿದರು. ನನ್ನೊಡನೆ ಅವನು ಹೇಳಿದ್ದು ಬೇರೆ. "ಊಟದ ಹಾಲಿನಲ್ಲಿ ಎಲ್ಲರೂ ಗುಂಪು ಗುಂಪಾಗಿ ಕೂತಿರ್ತಾರೆ, ಮೇಷ್ಟ್ರೆ. ಯಾರ ಪಕ್ಕ ಕೂರಬೇಕು, ಕೂತಮೇಲೆ ಏನು ಮಾತಾಡಬೇಕು ಅಂತ ತಿಳಿಯೋದೇ ಇಲ್ಲ. ಕೊನೆಕೊನೆಗೆ ರಾತ್ರಿ ಊಟಕ್ಕೇ ಹೋಗ್ತಿರಲಿಲ್ಲ." ಊಟ ಎದುರಿಗಿದ್ದೂ ಹುಡುಗ ಹಸಿದು ಮಲಗಿದ! ಒಂದು ವರ್ಷದ ಓದು ಹೀಗೆ ಹೋಯಿತು.

ಇಂಥದ್ದನ್ನು ಹುಟ್ಟುಗುಣವೆಂದು ತಳ್ಳಿಹಾಕುವುದು ವಾಡಿಕೆ. ಸಂಕೋಚ ಹುಟ್ಟಿನೊಂದಿಗೇ ಬಂದಿರಬಹುದು. ಆದರೆ ಜನರೊಡನೆ ನಡೆದುಕೊಳ್ಳುವುದು ಒಂದು ವಿದ್ಯೆ, ಅದನ್ನು ಕಲಿಯುವ ದಾರಿ ಮುಖ್ಯವಾಗಿ ಕಣ್ಣು ಕಿವಿಗಳದು. ಕಾಶ್ಮೀರದ ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಕವಿಗೆ ಏನೇನು ಬೇಕೆಂದು ಹೇಳುವಾಗ, ಹುಟ್ಟಿನಿಂದ ಬಂದ ಶಕ್ತಿಯ ಜೊತೆಗೆ ನಿಪುಣತೆಯನ್ನೂ ಅಭ್ಯಾಸವನ್ನೂ ಸೇರಿಸುತ್ತಾನೆ. ಆ ನಿಪುಣತೆ ಎಲ್ಲಿಂದ ಬರಬೇಕು? ಲೋಕ, ಶಾಸ್ತ್ರ, ಕಾವ್ಯ ಮೊದಲಾದವನ್ನು ಚೆನ್ನಾಗಿ ನೋಡುವುದರಿಂದ. ಈ ಪಟ್ಟಿಯಲ್ಲಿ ಲೋಕಕ್ಕೆ ಮೊದಲ ಸ್ಥಾನ. ಶಾಸ್ತ್ರ, ಕಾವ್ಯಗಳ ಸರದಿ ಆಮೇಲೆ. ನಮ್ಮ ಕವಿರಾಜಮಾರ್ಗವೂ ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಜನರನ್ನು ಹೊಗಳುವಾಗ ಅವರಿಗೆ ಎರಡು ಬುದ್ಧಿಗಳನ್ನು ಹೇಳುತ್ತದೆ. ಹದವರಿತು ಮಾತಾಡುವುದು ಒಂದು, ಇನ್ನೊಬ್ಬರು ಆಡಿದ್ದನ್ನು ತಿಳಿದು ತೂಗುವುದು ಇನ್ನೊಂದು. ಓದಿಲ್ಲದವರೂ ಇದರಲ್ಲಿ ಪಳಗಿದವರೆಂದು ಅದರ ಅಭಿಪ್ರಾಯ. ಓದಿಲ್ಲದವರು ಪಳಗಿದ್ದು ಹೇಗೆ? ನೋಡಿ, ಕೇಳಿ, ಬೇರೆ ದಾರಿ ಅವರಿಗೆ ಎಲ್ಲಿತ್ತು?

ಹಾಗಾದರೆ ಸಂಕೋಚದವರಿಗೆ ಕಣ್ಣಿಲ್ಲವೆ? ಇದೆ. ಆದರೆ ಅದು ಒಳಕ್ಕೆ ತಿರುಗಿರುತ್ತದೆ. ಸಭೆಯೊಳಗೆ ಕಾಲಿಟ್ಟ ಕೂಡಲೆ ನನ್ನ ಅಂಗಿ ಹೇಗಿದೆ, ನನ್ನ ದನಿ ನಡುಗಿತೆ, ಅವರು ನನ್ನನ್ನು ನೋಡಿಯೇ ನಕ್ಕರೆ ಎಂಬ ವಿಚಾರಗಳು ತಲೆಯನ್ನೆಲ್ಲ ತುಂಬಿಬಿಡುತ್ತವೆ. ಹೊರಗೆ ನಡೆಯುವುದನ್ನು ಕಾಣಲು ಗಮನವೇ ಉಳಿದಿರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ತಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಇದರ ಮೇಲೆ ನಡೆಸಿದ ಪ್ರಯೋಗವೊಂದನ್ನು ೨೦೦೦ದಲ್ಲಿ ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಗೆ, ಅವನ ವಯಸ್ಸಿನವರು ತೊಡಲು ನಾಚುವಂಥ ಗಾಯಕನೊಬ್ಬನ ಚಿತ್ರವಿರುವ ಅಂಗಿಯನ್ನು ತೊಡಿಸಿ, ಇತರರು ಕುಳಿತಿರುವ ಕೋಣೆಗೆ ಕಳುಹಿಸಿದರು. ಹೊರಗೆ ಕರೆದು, ಎಷ್ಟು ಜನ ಆ ಚಿತ್ರವನ್ನು ಗಮನಿಸಿರಬಹುದೆಂದು ಕೇಳಿದರು. ಹೀಗೆ ಅಂಗಿ ತೊಟ್ಟವರು ಸುಮಾರು ಅರ್ಧ ಜನವೆಂದು ಊಹಿಸಿದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲುಭಾಗ. ಅಂದರೆ ನಾವು ಎಣಿಸಿದಷ್ಟು ಜನ ನಮ್ಮನ್ನು ನೋಡುತ್ತಿರುವುದಿಲ್ಲ. ಅವರವರ ಅಂಗಿಯ ಚಿಂತೆ ಅವರವರಿಗೆ. ಇದು ತಿಳಿದರೇ ಅರ್ಧ ಬಿಡುಗಡೆ. ಉಳಿದರ್ಧಕ್ಕೆ, ಒಳಗೆ ತಿರುಗಿದ ಕಣ್ಣನ್ನು ಹೊರಕ್ಕೆ ತಿರುಗಿಸಿ ಅದಕ್ಕೊಂದು ಕೆಲಸ ಕೊಡಬೇಕು.

ಆ ಹುಡುಗನಿಗೆ ಮರುವರ್ಷ ಮತ್ತೆ ಸೇರುವಾಗ ಇಂಥದೊಂದು ಕೆಲಸ ಕೊಡಲಾಯಿತು. ಒಂದು ವಾರ ನೀನು ಯಾರೊಡನೆಯೂ ಮಾತಾಡಲೇಬೇಕೆಂದಿಲ್ಲ; ಊಟಕ್ಕೆ ಮಾತ್ರ ತಪ್ಪದೆ ಹೋಗು; ಬೇರೆಯವರು ಬಂದು ಕೂರುವುದು ಹೇಗೆ, ಮೊದಲ ಮಾತು ಯಾವುದು, ಇಷ್ಟನ್ನು ನೋಡಿಕೊಂಡು ಬಾ ಎಂದೆ. ಅವನು ಬರೆದ ಕಾಗದ ಸ್ವಾರಸ್ಯವಾಗಿತ್ತು. ದೂರದಿಂದ ಕೋಟೆಯಂತೆ ಕಾಣುತ್ತಿದ್ದ ಗುಂಪುಗಳು ದಿನವೂ ಒಂದೇ ಆಗಿರಲಿಲ್ಲವಂತೆ. ನಾಲ್ಕೈದು ಜನ ಇಂದು ಇಲ್ಲಿ, ನಾಳೆ ಅಲ್ಲಿ ಕೂರುತ್ತಿದ್ದರಂತೆ. ಯಾರೂ "ಕೂರಲೆ?" ಎಂದು ಅಪ್ಪಣೆ ಕೇಳುತ್ತಿರಲಿಲ್ಲ, ತಟ್ಟೆ ಹಿಡಿದು ಬೆಂಚಿನ ಹತ್ತಿರ ಒಂದು ಗಳಿಗೆ ನಿಂತರೆ ಕುಳಿತವನು ತನ್ನ ತಟ್ಟೆಯನ್ನು ಕೊಂಚ ಸರಿಸುತ್ತಿದ್ದ. ಆ ಸರಿಸುವಿಕೆಯೇ ಆಹ್ವಾನ. ಇನ್ನು ಮೊದಲ ಮಾತೋ, ಹತ್ತರಲ್ಲಿ ಎಂಟು ಸಲ ಸಾರನ್ನು ಬೈಯುವುದು! ಹಾಸ್ಟೆಲಿನ ಸಾರಿನಿಂದ ಇಷ್ಟು ಉಪಕಾರವಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ಎರಡನೆಯ ವಾರದಲ್ಲಿ ಅವನೂ ಸಾರನ್ನು ಬೈದ. ಓದು ಮುಂದುವರಿಯಿತು.

ನೋಡುವುದಕ್ಕೆ ಒಳ್ಳೆಯ ಗುರುಗಳನ್ನು ಆರಿಸಿಕೊಳ್ಳಬೇಕು. ಗುರುವೆಂದರೆ ಮಾತಿನಮಲ್ಲನೆಂದು ತಿಳಿಯಬೇಡಿ. ಎಲ್ಲರನ್ನೂ ನಗಿಸುವವನ ಸುತ್ತ ಜನ ಸೇರುತ್ತಾರೆ, ನಿಜ. ಆದರೆ ಕಷ್ಟಕಾಲದಲ್ಲಿ ಜನ ಯಾರ ಬಳಿಗೆ ಹೋಗುತ್ತಾರೆಂಬುದನ್ನು ನೋಡಿ, ಅವರು ಬೇರೆಯವರಾಗಿರುತ್ತಾರೆ. ಅಂಥವರು ಪ್ರತಿಯೊಂದು ಬೀದಿಯಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಬಹುಮಟ್ಟಿಗೆ ವಯಸ್ಸಾದ ಹೆಂಗಸರು. ಸಾವಾದ ಮನೆಯಲ್ಲಿ ಅವರನ್ನು ಗಮನಿಸಬೇಕು. ಉಳಿದವರು ಬಂದು ಕುಳಿತ ಕೂಡಲೆ "ಹೇಗಾಯಿತು? ಯಾವಾಗ? ಯಾವ ಡಾಕ್ಟರಿಗೆ ತೋರಿಸಿದ್ದಿರಿ?" ಎಂದು ಕೇಳುತ್ತಾರೆ. ದುಃಖದಲ್ಲಿರುವ ಆ ತಾಯಿ ಅದೇ ಕಥೆಯನ್ನು ಬೆಳಗಿನಿಂದ ಹತ್ತನೆಯ ಸಲವೋ ಹದಿನೈದನೆಯ ಸಲವೋ ಹೇಳಬೇಕಾಗುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ, ಆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದರೆಂದು ಹೇಳಿ, ಮಾಡಿದ ಸೇವೆಯನ್ನೂ ಅಪರಾಧವನ್ನಾಗಿ ಮಾಡಿಬಿಡುತ್ತಾರೆ. ಕೆಟ್ಟ ಜನರಲ್ಲ, ಸುಮ್ಮನೆ ಕೂರಲು ಬಾರದವರು.

ನಾನು ಹೇಳುವ ಹೆಂಗಸು ಏನು ಮಾಡುತ್ತಾಳೆ? ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ಮನೆಯೊಳಗೆ ಏನು ನಡೆದಿದೆಯೆಂದು ನೋಡುತ್ತಾಳೆ. ಮಾತು ನಡೆದಿದ್ದರೆ ಸೇರಿಕೊಳ್ಳುವುದಿಲ್ಲ. ಹತ್ತಿರ ಹೋಗಿ ಕೂರುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ ಇಲ್ಲವೆ ಹಿಡಿದುಕೊಳ್ಳದೆ ಇರುತ್ತಾಳೆ. ಎದುರಿಗಿರುವವರ ಕೈ ಹೇಗಿದೆಯೆಂಬುದರ ಮೇಲೆ ಅದು ನಿಂತಿದೆ. ಸ್ವಲ್ಪ ಹೊತ್ತಿನಲ್ಲಿ ಎದ್ದು ಒಳಗೆ ಹೋಗುತ್ತಾಳೆ. ಬಿಂದಿಗೆಯಲ್ಲಿ ನೀರಿಲ್ಲ, ಚಿಕ್ಕ ಮಗು ಬೆಳಗಿನಿಂದ ಏನೂ ತಿಂದಿಲ್ಲ, ಬಂದವರ ಚಪ್ಪಲಿಗಳು ದಾರಿಗಡ್ಡವಾಗಿ ಬಿದ್ದಿವೆ ಎಂಬುದು ಅವಳಿಗೆ ಕಾಣುತ್ತದೆ. ಮಗುವನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಅನ್ನ ಹಾಕುತ್ತಾಳೆ. ಬಂದವರೆಲ್ಲ ಹೋದಮೇಲೆ, ಹತ್ತು ಹನ್ನೆರಡು ದಿನ ಕಳೆದು ಮನೆ ಬರಿದಾದಾಗ, ಮತ್ತೆ ಬರುತ್ತಾಳೆ, ಆಗ ಮಾತಾಡುತ್ತಾಳೆ. ಇದರಲ್ಲಿ ಯಾವುದೂ ಮಂತ್ರವಲ್ಲ. ಪ್ರತಿಯೊಂದೂ ಒಂದು ನೋಟದ ಹಿಂದೆ ಬಂದ ಕೆಲಸ. ನಿಮ್ಮ ಮನೆಯ ಮಕ್ಕಳನ್ನು ಇಂಥ ಕಡೆಗೆ ಕರೆದುಕೊಂಡು ಹೋಗಲು ಹಿಂಜರಿಯಬೇಡಿ, ಹೋಗುವ ಮುಂಚೆ ಅವರಿಗೆ ಉಪದೇಶ ಮಾಡುವ ಬದಲು, ಬಂದಮೇಲೆ "ಯಾರು ಏನು ಮಾಡಿದರು, ನೋಡಿದೆಯಾ?" ಎಂದು ಕೇಳಿ.

ಇನ್ನು ಮಾತಿನ ಸರದಿ. ಇಬ್ಬರು ಮಾತಾಡುವಾಗ ಒಬ್ಬರು ಬಿಟ್ಟಮೇಲೆ ಇನ್ನೊಬ್ಬರು ಹಿಡಿಯುವುದಕ್ಕೆ ಎಷ್ಟು ಹೊತ್ತು ಬೇಕು? ೨೦೦೯ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ೧೦ ಭಾಷೆಗಳನ್ನು ಪರೀಕ್ಷಿಸಿ ನೋಡಿದರು. ಕನ್ನಡ ಅವುಗಳಲ್ಲಿ ಸೇರಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿಯಲ್ಲಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ಜಪಾನೀಯರದು ತೀರ ಬೇಗ, ಡೆನ್ಮಾರ್ಕಿನವರದು ನಿಧಾನ. ಆದರೂ ವ್ಯತ್ಯಾಸ ಅರ್ಧ ಸೆಕೆಂಡಿನ ಒಳಗೇ. ಕಣ್ಣು ಮಿಟುಕಿಸುವಷ್ಟು ಕಾಲದಲ್ಲಿ ಉತ್ತರ ಬರಬೇಕಾದರೆ, ಕೇಳುವವನು ಮಾತು ಮುಗಿಯುವ ಮೊದಲೇ ಅದು ಮುಗಿಯುವ ಜಾಗವನ್ನು ಗುರುತಿಸುತ್ತಿರಬೇಕು. ದನಿ ಇಳಿಯುತ್ತದೆ, ವಾಕ್ಯ ಕ್ರಿಯಾಪದಕ್ಕೆ ಬಂದು ನಿಲ್ಲುತ್ತದೆ, ಕಣ್ಣು ನಿಮ್ಮ ಕಡೆಗೆ ತಿರುಗುತ್ತದೆ. ಬಾಯಿ ಹಾಕಲು ಸಮಯವೇ ಸಿಗುವುದಿಲ್ಲ ಎನ್ನುವವರು ಒಂದು ಸಂಜೆ ಜಗಲಿಯ ಮೇಲೋ ಚಹದ ಅಂಗಡಿಯಲ್ಲೋ ಕುಳಿತು, ಮಾತಿನ ವಿಷಯವನ್ನು ಬಿಟ್ಟು ಈ ಕೈಬದಲಾವಣೆಯೊಂದನ್ನೇ ಗಮನಿಸಿ ನೋಡಿ. ಅದೇ ಸಂಶೋಧನೆಯಲ್ಲಿ ಕಂಡ ಮತ್ತೊಂದು ಸಂಗತಿ: ಹೌದೆಂಬ ಉತ್ತರ ಬೇಗ ಬರುತ್ತದೆ, ಅಲ್ಲವೆಂಬುದು ಕೊಂಚ ತಡೆದು ಬರುತ್ತದೆ.

ಈ ತಡೆ ನಮ್ಮವರ ಮಾತಿನಲ್ಲಿ ಬಹಳ ಕೆಲಸ ಮಾಡುತ್ತದೆ. ಸಾಲ ಕೇಳಿದಾಗ, ಹೆಣ್ಣು ಕೇಳಿದಾಗ, ನೇರವಾಗಿ "ಇಲ್ಲ" ಎನ್ನುವವರು ನಮ್ಮಲ್ಲಿ ಕಡಮೆ. ಒಂದು ಕ್ಷಣ ತಡೆದು "ನೋಡೋಣ" ಎನ್ನುತ್ತಾರೆ. ಈ "ನೋಡೋಣ" ಕೇಳಿ ನಾಳೆ ಬೆಳಿಗ್ಗೆ ಬಾಗಿಲು ತಟ್ಟಿದವನಿಗೆ ವ್ಯಾಕರಣ ಬಂದಿದೆ, ಲೋಕ ಬಂದಿಲ್ಲ. ಊಟಕ್ಕೆ ಏಳಿ ಎಂದಾಗ ಬರುವ ಮೊದಲನೆಯ "ಬೇಡ" ಸಾಮಾನ್ಯವಾಗಿ ಬೇಡವಲ್ಲ, ಅದು ಮರ್ಯಾದೆ. ಎರಡನೆಯದು ಸಂದೇಹಾಸ್ಪದ. ಎಲೆಯ ಮೇಲೆ ಅಡ್ಡಲಾಗಿ ಕೈಯಿಟ್ಟು ಹೇಳಿದ್ದು ನಿಜವಾದ ಬೇಡ. ಅದನ್ನೂ ಮೀರಿ ಬಡಿಸುವುದು ಉಪಚಾರವಲ್ಲ, ಹಿಂಸೆ. ಆಲಂಕಾರಿಕರು ಇದನ್ನೇ ವ್ಯಂಜನೆ ಎಂದರು. ಸೂರ್ಯ ಮುಳುಗಿದನೆಂಬ ಒಂದೇ ಸುದ್ದಿ ದನಕಾಯುವವನಿಗೆ ಮನೆಗೆ ಹೊರಡು ಎಂದೂ, ಕಳ್ಳನಿಗೆ ಕೆಲಸಕ್ಕೆ ಹೊರಡು ಎಂದೂ ಅರ್ಥವಾಗುತ್ತದೆಂದು ಅವರ ಪ್ರಸಿದ್ಧ ಉದಾಹರಣೆ. ಮಾತು ಯಾರದು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದನ್ನು ನೋಡದೆ ಬರಿಯ ಪದಕ್ಕೆ ಅರ್ಥ ಹೇಳಲಾಗದು.

ಇಲ್ಲಿ ಒಂದು ಅಪಾಯವಿದೆ. ಸ್ವಲ್ಪ ನೋಡಲು ಕಲಿತವನು ತಾನು ಎಲ್ಲರ ಮನಸ್ಸನ್ನೂ ಓದಬಲ್ಲೆನೆಂದು ತಿಳಿಯುತ್ತಾನೆ. "ಅವಳು ಮುಖ ತಿರುಗಿಸಿದಳು, ಅವಳಿಗೆ ನಮ್ಮನ್ನು ಕಂಡರಾಗದು." ಕಂಡದ್ದು ಇದರಲ್ಲಿ ಎಷ್ಟು? ಮುಖ ತಿರುಗಿಸಿದ್ದು ಮಾತ್ರ, ಉಳಿದದ್ದು ಊಹೆ. ಅತ್ತೆ ಸೊಸೆಯರ, ವಾರಗಿತ್ತಿಯರ ಎಷ್ಟು ಮನಸ್ತಾಪಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಹುಟ್ಟಿವೆ! ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತದೆ, ಕಣ್ಣೀರು ಅವುಗಳಲ್ಲೊಂದು. ಕಣ್ಣೀರಿಗೆ ಕಾರಣ ದುಃಖವೆಂದಷ್ಟೇ ಹೇಳಿ ಭರತ ಬಿಡುವುದಿಲ್ಲ. ಸಂತೋಷ, ಕೋಪ, ಭಯಗಳನ್ನು ಹೇಳುತ್ತಾನೆ. ಅಷ್ಟಕ್ಕೇ ನಿಲ್ಲದೆ ಹೊಗೆ, ಕಾಡಿಗೆ, ಆಕಳಿಕೆ, ಚಳಿ, ರೋಗಗಳನ್ನೂ ಸೇರಿಸುತ್ತಾನೆ. ಅಡಿಗೆಮನೆಯಿಂದ ಕಣ್ಣೊರಸಿಕೊಂಡು ಬಂದ ಸೊಸೆ ಅತ್ತಿರಲೂಬಹುದು, ಈರುಳ್ಳಿ ಹೆಚ್ಚಿರಲೂಬಹುದು.

ಈಚಿನ ವಿಜ್ಞಾನವೂ ಇದೇ ಕಡೆಗೆ ಬಂದಿದೆ. ೨೦೧೯ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮೊದಲಾದ ಐವರು ವಿಜ್ಞಾನಿಗಳು ಮುಖಭಾವವನ್ನು ಕುರಿತು ಅದುವರೆಗೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ೧೦೦ಕ್ಕೆ ಸುಮಾರು ೩೦ ಸಲ ಮಾತ್ರವೆಂದು ಕಂಡುಬಂತು. ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಿನಲ್ಲಿರುವುದಿಲ್ಲವೆಂಬುದು ಲೆಕ್ಕದ ಮೇಷ್ಟ್ರನ್ನು ನೋಡಿದ ಯಾವ ವಿದ್ಯಾರ್ಥಿಗೂ ಗೊತ್ತು. ಮಾತಿನ ಅರ್ಥದಲ್ಲಿ ನೂರಕ್ಕೆ ತೊಂಬತ್ತಮೂರು ಪಾಲು ಮುಖ ಮತ್ತು ದನಿಯಲ್ಲಿದೆ, ಪದಗಳಲ್ಲಿರುವುದು ಏಳೇ ಪಾಲು ಎಂದು ಭಾಷಣಗಳಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ಅದು ೧೯೬೭ರಲ್ಲಿ ಆಲ್ಬರ್ಟ್ ಮೆಹರೇಬಿಯನ್ ಎಂಬವರು ಪ್ರಕಟಿಸಿದ, ಒಂಟಿ ಪದಗಳನ್ನಿಟ್ಟುಕೊಂಡು ಇಷ್ಟಾನಿಷ್ಟಗಳನ್ನು ಅಳೆಯುವ ಪ್ರಯೋಗಗಳಿಂದ ಬಂದ ಲೆಕ್ಕ. ಅದನ್ನು ಎಲ್ಲ ಮಾತಿಗೂ ಅನ್ವಯಿಸುವುದು ತಪ್ಪು.

ಆದ್ದರಿಂದ ನೋಡಿದ ಮೇಲೆ ಒಂದು ಮೆಟ್ಟಿಲು ಉಳಿದಿದೆ: ಕೇಳುವುದು. "ಅವರ ಸ್ಥಾನದಲ್ಲಿ ನಿಂತು ಯೋಚಿಸು" ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಒಳ್ಳೆಯ ಮಾತೇ, ಮನಸ್ಸನ್ನು ಮೆತ್ತಗೆ ಮಾಡುತ್ತದೆ. ಆದರೆ ಅದರಿಂದ ಇನ್ನೊಬ್ಬರ ಮನಸ್ಸು ಸರಿಯಾಗಿ ತಿಳಿಯುತ್ತದೆಯೆ? ತಾಲ್ ಎಯಲ್, ಮೇರಿ ಸ್ಟೆಫೆಲ್, ನಿಕಲಸ್ ಎಪ್ಲಿ ಎಂಬ ಮೂವರು ೨೦೧೮ರಲ್ಲಿ ಪ್ರಕಟಿಸಿದ ೨೫ ಪ್ರಯೋಗಗಳಲ್ಲಿ, ಹಾಗೆ ಕಲ್ಪಿಸಿಕೊಂಡವರ ಊಹೆ ಹೆಚ್ಚು ಸರಿಯಾಗಲಿಲ್ಲ. ಗುರಿ ಮುಟ್ಟಿಸಿದ್ದು ಎದುರಿನವರನ್ನೇ ಕೇಳಿ ತಿಳಿದುಕೊಂಡದ್ದು. ಗಂಡನಿಗೆ ಏನಿಷ್ಟವೆಂದು ಹೆಂಡತಿಯೂ, ಹೆಂಡತಿಗೆ ಏನಿಷ್ಟವೆಂದು ಗಂಡನೂ ಕೇಳದೆಯೇ ಬಲ್ಲೆವೆಂದು ತಿಳಿದಿರುವ ಮನೆಗಳಿಗೆ ಇದು ಕೊಂಚ ಮುಜುಗರದ ಸುದ್ದಿ.

ಕೇಳುವುದಕ್ಕೂ ರೀತಿಯಿದೆ. "ಯಾಕೆ ಮುಖ ಊದಿಸಿಕೊಂಡಿದ್ದೀಯೆ?" ಎಂಬುದು ಪ್ರಶ್ನೆಯಲ್ಲ, ತೀರ್ಪು. ಕಂಡದ್ದನ್ನಷ್ಟೇ ಹೇಳಿ ನಿಲ್ಲಿಸಿ ನೋಡಿ. "ಇವತ್ತು ಊಟ ಕಡಮೆ ಮಾಡಿದೆಯಲ್ಲಮ್ಮ." ಅಲ್ಲಿಗೆ ಬಿಟ್ಟು ಕಾಯಬೇಕು. ಕಾಯುವುದು ನಮಗೆ ಬಹಳ ಕಷ್ಟ. ಎರಡು ಸೆಕೆಂಡಿನ ಮೌನವನ್ನೂ ತುಂಬಿಬಿಡುತ್ತೇವೆ. ಹಾಗೆ ತುಂಬಿದ ಮಾತಿನ ಕೆಳಗೆ, ಪಾಪ, ಆ ಹುಡುಗಿ ಹೇಳಬೇಕೆಂದಿದ್ದದ್ದು ಹೂತುಹೋಗುತ್ತದೆ.

ನೋಡುವುದೆಂದರೆ ದಿಟ್ಟಿಸುವುದಲ್ಲ, ಕದ್ದು ಕೇಳುವುದೂ ಅಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಕಂಡದ್ದನ್ನು ಮನೆಗೆ ತಂದು ಹರಟೆಗೆ ಹಾಕುವವರು ನಾನು ಹೇಳುವ ವಿದ್ಯೆಯ ವಿದ್ಯಾರ್ಥಿಗಳಲ್ಲ. ಮೆಚ್ಚಿದವರನ್ನು ಹಾಗೆಯೇ ಅನುಕರಿಸುವುದೂ ಬೇಡ. ಗಟ್ಟಿಯಾಗಿ ನಕ್ಕು ಬೆನ್ನು ತಟ್ಟುವ ದೊಡ್ಡಪ್ಪನ ರೀತಿ ಮೆಲುದನಿಯ ಹುಡುಗನಿಗೆ ಎರವಲು ಕೋಟಿನಂತೆ ಜೋಲುತ್ತದೆ. ದೊಡ್ಡಪ್ಪ ಬಂದವರ ಹೆಸರನ್ನು ಮರೆಯುವುದಿಲ್ಲ, ಹೋದಸಲ ಅವರು ಹೇಳಿದ ಕಾಯಿಲೆಯನ್ನು ನೆನಪಿಟ್ಟುಕೊಂಡು ವಿಚಾರಿಸುತ್ತಾನೆ. ಅಷ್ಟನ್ನು ತೆಗೆದುಕೊಂಡರೆ ಸಾಕು.

ಕಣ್ಣಿನ ವಿಷಯವನ್ನೇ ಇಷ್ಟು ಹೇಳಿದೆ. ಬಾನುಲಿಯ ಮನೆಗಳವರಿಗೆ ಕಿವಿಯ ವಿಷಯ ಹೇಳದೆ ಹೋದರೆ ಅನ್ಯಾಯವಾದೀತು. ೧೯೩೫ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯೆಂಬ ಹೆಸರಿನ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಮನಸ್ಸನ್ನು ಓದುವ ಶಾಸ್ತ್ರದವರು ದನಿಯೊಂದೇ ಇರುವ ಯಂತ್ರವನ್ನು ನಮ್ಮ ನಾಡಿಗೆ ತಂದರು. ೨೦೧೭ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಮೈಕೆಲ್ ಕ್ರಾಸ್ ಅವರು ಐದು ಪ್ರಯೋಗಗಳಲ್ಲಿ ಕಂಡದ್ದನ್ನು ಪ್ರಕಟಿಸಿದರು. ಮುಖವನ್ನೂ ನೋಡಿ ದನಿಯನ್ನೂ ಕೇಳಿದವರಿಗಿಂತ, ದನಿಯೊಂದನ್ನೇ ಕೇಳಿದವರು ಎದುರಿನವರ ಭಾವವನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ಒಂದು ಪ್ರಯೋಗದಲ್ಲಿ ಬೆಳಕಿನ ಕೋಣೆಯಲ್ಲಿ ಮಾತಾಡಿದವರಿಗಿಂತ ಕತ್ತಲೆಯ ಕೋಣೆಯಲ್ಲಿ ಮಾತಾಡಿದವರೇ ಮೇಲಾದರು. ಮುಖವನ್ನು ಮುಚ್ಚಿಡಲು ಮನುಷ್ಯ ಕಲಿತಿದ್ದಾನೆ. ದನಿಯ ವಿಷಯದಲ್ಲಿ ಅಷ್ಟು ಪಳಗಿಲ್ಲವೆಂದು ತೋರುತ್ತದೆ.

ಇದನ್ನು ಮನೆಯಲ್ಲಿಯೇ ಪ್ರಯೋಗ ಮಾಡಿ ನೋಡಬಹುದು. ಮುಂದಿನ ಸಲ ಬಾನುಲಿ ನಾಟಕ ಬಂದಾಗ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಎಲ್ಲರ ಕೈಯಲ್ಲಿರುವ ಮೊಬೈಲುಗಳನ್ನು ಪಕ್ಕಕ್ಕಿಡಿಸಿ, ದೀಪವನ್ನೂ ಸಣ್ಣದು ಮಾಡಿ. ನಾಟಕ ಮುಗಿದಮೇಲೆ, ತಂದೆಗೆ ಮಗನ ಮೇಲೆ ಸಂದೇಹ ಬಂದದ್ದು ಯಾವಾಗ, ಮಗಳು ಸುಳ್ಳು ಹೇಳಿದ್ದು ಎಲ್ಲಿ ಎಂದು ಒಬ್ಬೊಬ್ಬರನ್ನೇ ಕೇಳಿ. ಉತ್ತರಗಳು ಬೇರೆ ಬೇರೆ ಬರುತ್ತವೆ, ಜಗಳವೂ ಆಗಬಹುದು. ಆಗಲಿ. "ಹಾಗನ್ನಿಸಿತು" ಎಂಬುದನ್ನು ಮಾತ್ರ ಉತ್ತರವೆಂದು ಒಪ್ಪಬೇಡಿ. ಯಾವ ಮಾತಿನಲ್ಲಿ, ದನಿ ಏರಿದ್ದರಿಂದಲೋ ಇಳಿದದ್ದರಿಂದಲೋ ತಡೆದದ್ದರಿಂದಲೋ, ಎಂದು ಹೇಳಿಸಿ. ಅಜ್ಜಿಯನ್ನೂ ಕೇಳಲು ಮರೆಯಬೇಡಿ. ಅವರು ತೂಕಡಿಸುತ್ತಿದ್ದಂತೆ ನಿಮಗೆ ಕಂಡಿದ್ದರೂ, ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡಿದ್ದವರು ಅವರೇ ಆಗಿರಬಹುದು.